ಹಿತ್ತಲ ತರಕಾರಿಯೂ ಸ್ವಾವಲಂಬನೆಯೂ

ಮಾನ್ಯರೇ, ಮಾಲೂರಿನ ನಿಮ್ಮ ಮನೆಯ ಹಿತ್ತಲಿನ ಸಣ್ಣ ಜಾಗದಲ್ಲಿ ಕೈತೋಟ ಮಾಡಿದರೆ ತರಕಾರಿಯ ಖರ್ಚು ನಿಲ್ಲುವುದೇ, ಮಕ್ಕಳು ಏನಾದರೂ ಕಲಿಯುವರೇ ಎಂದು ಕೇಳಿದ್ದೀರಿ. ಖರ್ಚು ಪೂರ್ತಿ ನಿಲ್ಲದು. ಆದರೆ 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿದಾಗ, ಅಷ್ಟು ದೊಡ್ಡ ಟೊಮೆಟೊ ಮಾರುಕಟ್ಟೆಯಿರುವ ಕೋಲಾರದವರೂ ಕೊಳ್ಳಲು ಹಿಂದೆಮುಂದೆ ನೋಡಬೇಕಾಯಿತು ಎಂಬುದನ್ನು ನೆನೆದರೆ, ಸೊಪ್ಪು, ಮೆಣಸಿನಕಾಯಿ, ಕರಿಬೇವುಗಳಷ್ಟಾದರೂ ಮನೆಯದಾಗುವುದು ಸಣ್ಣ ಮಾತಲ್ಲ.

ದಂಟಿನ ಸೊಪ್ಪಿನಿಂದ ಆರಂಭಿಸಿ. ತಿಂಗಳ ಹೊತ್ತಿಗೆ ಕೀಳಲು ಬರುವುದರಿಂದ ಮಕ್ಕಳ ಉತ್ಸಾಹ ಉಳಿಯುತ್ತದೆ. ವರ್ಷವಿಡೀ ಹರಿಯುವ ನದಿಯೇ ಇಲ್ಲದ ನಮ್ಮ ಜಿಲ್ಲೆಯಲ್ಲಿ ನೀರಿನ ಪಾಠವೇ ಎಲ್ಲಕ್ಕಿಂತ ಮುಖ್ಯವೆಂದು ನಾನು ದೃಢವಾಗಿ ನಂಬಿದ್ದೇನೆ. ಅಕ್ಕಿ, ಬೇಳೆ ತೊಳೆದ ನೀರನ್ನು ಮಕ್ಕಳ ಕೈಯಿಂದಲೇ ಗಿಡಗಳಿಗೆ ಹಾಕಿಸಿ, ಬುಡಕ್ಕೆ ಒಣ ಎಲೆಗಳನ್ನು ಹೊದಿಸಿ, ಮಣ್ಣು ಒಳಗೂ ಆರಿದೆಯೇ ಎಂದು ಬೆರಳಿಟ್ಟು ನೋಡಿದ ಮೇಲೆಯೇ ಮತ್ತೆ ನೀರುಣಿಸಲು ಹೇಳಿ.

ಮಳೆಗಾಲದಲ್ಲಿ ಬಿತ್ತಿದ ಅವರೆ ಚಳಿಗಾಲಕ್ಕೆ ಕಾಯಿ ಕೊಡುತ್ತದೆ. ಕೆಲವನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು ಮರುವರ್ಷಕ್ಕೆ ಬೀಜ ಎತ್ತಿಡಿ. ಹೈಬ್ರಿಡ್ ಟೊಮೆಟೊವಿನ ಬೀಜದಿಂದ ಅದೇ ಗುಣದ ಗಿಡ ಬರುವುದಿಲ್ಲವಾದ್ದರಿಂದ, ಟೊಮೆಟೊ ಬೆಳೆಯುವುದಾದರೆ ನಾಟಿ ತಳಿಯನ್ನೇ ಕೇಳಿ ಪಡೆಯಿರಿ.