ಬೋಲ್ಟ್ ಥ್ರೋವರ್ ಕೇಳಲು ಎಲ್ಲಿಂದ ಆರಂಭಿಸಬೇಕು?

ಬೋಲ್ಟ್ ಥ್ರೋವರ್ ಎಂಬ ಡೆತ್ ಮೆಟಲ್ (ಅಬ್ಬರದ, ಭಾರವಾದ ರಾಕ್) ತಂಡದ ಎರಡು ಆಲ್ಬಮ್ ಕೇಳಿದಿರಿ, ಹಾಡುಗಳೆಲ್ಲ ಒಂದೇ ತರಹ ಅನಿಸಿದವು, ಯಾವುದರಿಂದ ಆರಂಭಿಸಬೇಕಿತ್ತು ಎಂದು ಕೇಳಿದ್ದೀರಿ. ಒಂದೇ ತರಹ ಎಂಬ ದೂರನ್ನು ಒಪ್ಪುತ್ತೇನೆ. ನಾನು ಅವರಿಗೆ ಮರುಳಾದದ್ದೂ ಅದಕ್ಕೇ!

1986ರಲ್ಲಿ ಇಂಗ್ಲೆಂಡಿನ ಕೋವೆಂಟ್ರಿಯಲ್ಲಿ ಹುಟ್ಟಿದ ತಂಡ ಇದು. ಮೊದಲೆರಡು ಆಲ್ಬಮ್‌ಗಳಲ್ಲಿ ಒರಟು ವೇಗವಿದೆ. ಅವನ್ನು ಸದ್ಯಕ್ಕೆ ಬದಿಗಿಡಿ. 1992ರ 'ದಿ ಫೋರ್ತ್ ಕ್ರುಸೇಡ್' ಹಾಕಿ. ಇಲ್ಲಿ ಗಿಟಾರ್‌ಗಳು ಓಡುವುದಿಲ್ಲ, ಟ್ಯಾಂಕಿನಂತೆ ಉರುಳುತ್ತವೆ. ಒಂದೇ ರಿಫ್ (ಗಿಟಾರಿನ ಚಿಕ್ಕ ಸ್ವರಗುಚ್ಛ) ಮತ್ತೆ ಮತ್ತೆ ಬರುವಾಗ ಡ್ರಮ್ ಕೆಳಗಿನಿಂದ ನಡೆ ಬದಲಿಸುವುದನ್ನು ಗಮನಿಸಿ. ಜೋ ಬೆಂಚ್ ಅವರ ಬೇಸ್ ಗಿಟಾರ್ ಕೇಳಲು ಒಳ್ಳೆಯ ಹೆಡ್‌ಫೋನ್ ಬೇಕು. ಮೊಬೈಲಿನ ಸ್ಪೀಕರಿನಲ್ಲಿ ಕೇಳಿದ್ದರೆ ಅರ್ಧ ಸಂಗೀತ ನಿಮಗೆ ತಲುಪಿಯೇ ಇಲ್ಲ.

ಮುಖಪುಟವನ್ನೂ ನೋಡಿ: ಕಾನ್‌ಸ್ಟಾಂಟಿನೋಪಲ್ ಪ್ರವೇಶಿಸುವ ಕ್ರುಸೇಡರ್‌ಗಳನ್ನು (ಮಧ್ಯಯುಗದ ಕ್ರೈಸ್ತ ಧರ್ಮಯೋಧರನ್ನು) ಫ್ರೆಂಚ್ ಚಿತ್ರಕಾರ ಡೆಲಾಕ್ರ್ವಾ ಬರೆದ ಚಿತ್ರ. ಕುದುರೆಯ ಮೇಲೆ ಗೆದ್ದವರು, ಕಾಲಬುಡದಲ್ಲಿ ಅಂಗಲಾಚುವ ಸೋತವರು. ಯುದ್ಧವನ್ನೇ ಹಾಡಿದ ಈ ತಂಡ ಅದನ್ನು ವೈಭವೀಕರಿಸಿತು ಎನ್ನುವವರು ಈ ಚಿತ್ರದ ಮುಂದೆ ಐದು ನಿಮಿಷ ನಿಲ್ಲಲಿ.

ಆಮೇಲೆ ನೇರವಾಗಿ 2005ರ 'ದೋಸ್ ವನ್ಸ್ ಲಾಯಲ್'. ಅದೇ ಕೊನೆಯದು. ಅದನ್ನು ಮೀರಿಸಲಾಗದಿದ್ದರೆ ಇನ್ನೊಂದು ಬೇಡ ಎಂದು ಸುಮ್ಮನಾದರು. 2015ರಲ್ಲಿ ಡ್ರಮ್ಮರ್ ಮಾರ್ಟಿನ್ ಕರ್ನ್ಸ್ 38ನೆಯ ವಯಸ್ಸಿಗೆ ತೀರಿಕೊಂಡರು. ಮರುವರ್ಷ ಅದೇ ದಿನ, ಸೆಪ್ಟೆಂಬರ್ 14ರಂದು, ತಂಡ ಮುಗಿಯಿತೆಂದು ಉಳಿದವರು ಘೋಷಿಸಿದರು.

ನೀವು ಕೇಳಿದ ಆ ಎರಡು ಯಾವುವು?