ಮೊದಲು ಮೂಗು, ಆಮೇಲೆ ಹೆಸರು

ಪ್ರಶ್ನೆ: ಟೀಚರ್, ನನ್ನ ಮಗನಿಗೆ ಐದು ವರ್ಷ. ಇಪ್ಪತ್ತು ಡೈನೋಸಾರ್‌ಗಳ ಹೆಸರು ಪಟಪಟ ಹೇಳುತ್ತಾನೆ. ಆದರೆ ಪಾರ್ಕಿನಲ್ಲಿ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲಿಸಿದರೆ ಅಳು. ಕೈಗೆ ಚೂರು ಮಣ್ಣು ಅಂಟಿದರೂ ತಕ್ಷಣ ತೊಳೆಯಬೇಕು. ನಾವಿರುವುದು ನಾಲ್ಕನೇ ಮಹಡಿಯ ಫ್ಲ್ಯಾಟ್. ರಜೆಯಲ್ಲಿ ಪ್ರಕೃತಿ ಶಿಬಿರಕ್ಕೆ ಸೇರಿಸೋಣ ಅಂದರೆ ಫೀಸು ಜಾಸ್ತಿ. ಏನು ಮಾಡಲಿ?
– ಒಬ್ಬ ತಾಯಿ, ಜೆ.ಪಿ. ನಗರ, ಬೆಂಗಳೂರು

ಉತ್ತರ: ಶಿಬಿರ ಸದ್ಯಕ್ಕೆ ಬೇಡಮ್ಮ. ಅಡುಗೆಮನೆಯಿಂದಲೇ ಶುರು ಮಾಡಿ. ಕರಿಬೇವು, ಪುದೀನ, ಕೊತ್ತಂಬರಿ, ದೊಡ್ಡಪತ್ರೆ, ಇಷ್ಟಿದ್ದರೆ ಸಾಕು. ಕಣ್ಣುಮುಚ್ಚಾಲೆ ಆಟ ಅಂತ ಹೇಳಿ ಅವನ ಕಣ್ಣಿಗೆ ಟವೆಲ್ ಕಟ್ಟಿ. ಒಂದೊಂದೇ ಎಲೆ ಹಿಸುಕಿ ಮೂಗಿನ ಹತ್ತಿರ ಹಿಡಿಯಿರಿ. ಹೆಸರು ಕೇಳಬೇಡಿ. ‘ಯಾವ ಥರ ಇದೆ?’ ಅಂತ ಕೇಳಿ. ‘ಅಜ್ಜಿ ಮನೆ ಥರ’ ಅಂದರೂ ಅದು ಸರಿ ಉತ್ತರವೇ.

ದೊಡ್ಡಪತ್ರೆ ಎಲೆಯನ್ನು ಅವನ ಕೈಗೆ ಕೊಡಿ. ದಪ್ಪ ಎಲೆ, ಮೇಲೆಲ್ಲ ಸಣ್ಣ ನವಿರು. ಮಣ್ಣು ಅಂದರೆ ಹಿಂದೆ ಸರಿಯುವ ಮಕ್ಕಳೂ ಇದನ್ನು ಸವರುತ್ತಾ ಕೂತದ್ದನ್ನು ನೋಡಿದ್ದೇನೆ. ಅದರ ಒಂದು ಕಡ್ಡಿಯನ್ನು ಅವನೇ ಕುಂಡದಲ್ಲಿ ಚುಚ್ಚಲಿ. ಬೇರು ಬಿಟ್ಟೇ ಬಿಡುತ್ತದೆ. ಒಣಗಿದ ಮಣ್ಣಿಗೆ ನೀರು ಹಾಕಿದ ಕೂಡಲೇ ಬಗ್ಗಿ ಮೂಸಲು ಹೇಳಿ. ಮೊದಲ ಮಳೆಯ ವಾಸನೆ ಬರುತ್ತದಲ್ವಾ? ಅದು ಮಣ್ಣಿನೊಳಗಿನ ಕಣ್ಣಿಗೆ ಕಾಣದ ಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತುವಿನ ವಾಸನೆ. ಬೆರಳು ಮಣ್ಣಿಗೆ ತಾನಾಗಿ ಇಳಿಯುತ್ತದೆ, ಅವಸರ ಮಾಡಬೇಡಿ.

ಹೆಸರು ಆಮೇಲೆ ಅಂತ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 1995ರಲ್ಲಿ ಎಚ್.ಡಿ. ಕೋಟೆ ತಾಲೂಕಿನಲ್ಲಿ ನಲಿಕಲಿ, ಅಂದರೆ ಆಟ, ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ, ಶುರುವಾದಾಗ ನಾನು ಅಲ್ಲೇ ಆದಿವಾಸಿಗಳ ಒಂದು ಹಾಡಿಯ ಪಕ್ಕದ ಶಾಲೆಯಲ್ಲಿ ಟೀಚರ್ ಆಗಿದ್ದೆ. ಒಂದನೇ ತರಗತಿಯಲ್ಲಿ ಒಬ್ಬ ಹುಡುಗ. ತಿಂಗಳುಗಟ್ಟಲೆ ಬಾಯಿ ಬಿಟ್ಟಿರಲಿಲ್ಲ. ಒಂದು ದಿನ ನಾನು ಹುಣಸೆಹಣ್ಣಿನ ಚಿತ್ರದ ಕಾರ್ಡು ಹಿಡಿದು ‘ಇದೇನು?’ ಅಂದೆ. ಅವನು ಎದ್ದು ಹೊರಗೆ ನಡೆದೇಬಿಟ್ಟ. ನಾನೂ ಹಿಂದೆ ಹೋದೆ. ಶಾಲೆ ಮುಂದಿನ ಹುಣಸೆಮರದ ತಗ್ಗಿದ ಕೊಂಬೆ ಹಿಡಿದು, ಒಂದು ಕಾಯಿಗೆ ಉಗುರಿನಿಂದ ತಟ್ಟಿದ. ಮಂದವಾದ ಸದ್ದು. ಪಕ್ಕದ್ದನ್ನು ತಟ್ಟಿದ. ಟೊಕ್ ಟೊಕ್ ಅಂತ ಟೊಳ್ಳು ಸದ್ದು. ‘ಇದು ಅಣ್ಣು ಮಿಸ್. ಸಿಪ್ಪೆ ಬುಟ್ಟದೆ’ ಅಂದ. ಹಣ್ಣಾದಂತೆ ತಿರುಳು ಕುಗ್ಗಿ ಸಿಪ್ಪೆಯಿಂದ ಬಿಡಿಸಿಕೊಳ್ಳುತ್ತದೆ, ಅದಕ್ಕೇ ಆ ಸದ್ದು. ಎರಡಕ್ಕೂ ನಡುವಿನ ಸದ್ದು ಕೊಟ್ಟದ್ದು ದೋರೆಗಾಯಿ. ಅದನ್ನು ಕಿತ್ತು ನನ್ನ ಕೈಗೇ ಕೊಟ್ಟ. ಹುಟ್ಟಿದಾಗಿನಿಂದ ಹುಣಸೆ ತಿಂದವಳು ನಾನು, ಕಿವಿಯಿಂದ ಅದನ್ನು ಗುರುತಿಸಬಹುದು ಅಂತ ಅವತ್ತೇ ಗೊತ್ತಾದದ್ದು. ಮರುದಿನದಿಂದ ನನ್ನ ತರಗತಿಯಲ್ಲಿ ವಸ್ತು ಮೊದಲು ಬಂತು, ಕಾರ್ಡು ಕೊನೆಗೆ.

ಹುಲ್ಲಿನ ವಿಷಯದಲ್ಲಿ ಬಲವಂತ ಬೇಡ. ಕೆಲವು ಮಕ್ಕಳ ಅಂಗಾಲು ತುಂಬಾ ಸೂಕ್ಷ್ಮ. ನಿಮ್ಮಲ್ಲಿಂದ ಹಸಿರು ಮೆಟ್ರೊ ಹತ್ತಿದರೆ ಲಾಲ್‌ಬಾಗ್. ಬೆಳಗ್ಗೆ ಬೇಗ ಹೋಗಿ, ಅಲ್ಲಿನ ಬಂಡೆಯ ಮೇಲೆ ಬರಿಗಾಲಲ್ಲಿ ನಿಲ್ಲಿಸಿ. ಚುಚ್ಚುವುದಿಲ್ಲ, ಅಂಟುವುದಿಲ್ಲ, ತಣ್ಣಗೆ ಇರುತ್ತದೆ. ಬಿಸಿಲೇರಿದ ಮೇಲೆ ಅದೇ ಜಾಗವನ್ನು ಅಂಗೈಯಿಂದ ಮುಟ್ಟಿಸಿ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಅವನ ಡೈನೋಸಾರ್‌ಗಳು ಹುಟ್ಟಿದ್ದು ಹೆಚ್ಚುಕಮ್ಮಿ 23 ಕೋಟಿ ವರ್ಷದ ಹಿಂದೆ. ಇದನ್ನು ಹೇಳಿ, ಅವನು ಬಂಡೆ ಬಿಟ್ಟು ಏಳುವುದೇ ಇಲ್ಲ.

ಇನ್ನೊಂದು ಮಾತು. ಮನೆಯಲ್ಲಿ ಎರೆಹುಳ, ಹಲ್ಲಿ ಕಂಡಾಗ ಯಾರಾದರೂ ‘ಛೀ’ ಅನ್ನುತ್ತೀರಾ? ಮೊದಲು ಅದು ನಿಲ್ಲಬೇಕು. ಮಗು ಹೆದರುವುದನ್ನು ಕಲಿಯುವುದು ನಮ್ಮ ಮುಖ ನೋಡಿಯೇ.

ಪ್ರಶ್ನೆ: ಮೂರು ವರ್ಷದ ಮೊಮ್ಮಗಳು ಸಿಕ್ಕ ಎಲೆ, ಕಾಯಿ ಎಲ್ಲಾ ಬಾಯಿಗೆ ಹಾಕುತ್ತಾಳೆ. ರುಚಿಯಿಂದಲೂ ಕಲಿಯಲಿ ಅಂತ ಬಿಡಬಹುದೇ?
– ಒಬ್ಬ ತಾತ, ದಾವಣಗೆರೆ

ಉತ್ತರ: ಖಂಡಿತ ಬಿಡಬೇಡಿ ಸರ್. ಕಣಗಿಲೆ, ದತ್ತೂರಿ, ಔಡಲ ಬೀಜ ಎಲ್ಲವೂ ವಿಷ. ಗುಲಗಂಜಿಯಂತೂ ಕೆಂಪಗೆ ಮಿಠಾಯಿಯಂತೆ ಕಾಣುತ್ತದೆ, ಅಗಿದರೆ ಪ್ರಾಣಕ್ಕೇ ಅಪಾಯ. ಎಕ್ಕದ ಹಾಲು ಕಣ್ಣಿಗೆ ತಾಗಬಾರದು. ಕಂಬಳಿಹುಳವನ್ನು ದೂರದಿಂದ ನೋಡಿದರೆ ಸಾಕು. ಏನಾದರೂ ನುಂಗಿದ್ದಾಳೆ ಅನ್ನಿಸಿದರೆ ಮನೆಮದ್ದು ಅಂತ ಕಾಯಬೇಡಿ, ಆ ಎಲೆ ಅಥವಾ ಬೀಜವನ್ನೂ ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಓಡಿ.

‘ತಾತನ ಕೈಯಿಂದ ಬಂದದ್ದು ಮಾತ್ರ ಬಾಯಿಗೆ’ ಅಂತ ಇಬ್ಬರೂ ಒಪ್ಪಂದ ಮಾಡಿಕೊಳ್ಳಿ. ಆಮೇಲೆ ಆ ಕೈ ಖಾಲಿ ಇರಬಾರದು. ಮಳೆಗಾಲ ಶುರುವಾದಾಗ ನೇರಳೆ ಕೊಡಿ, ಕನ್ನಡಿಯಲ್ಲಿ ನಾಲಿಗೆ ತೋರಿಸಿ. ಹುಣಸೆ ಚಿಗುರಿದಾಗ ನಾಲ್ಕು ಎಳೆ ಎಲೆ ತೊಳೆದು ಅವಳ ಬಾಯಿಗಿಡಿ. ಹುಳಿಗೆ ಅವಳ ಮುಖ ಕಿವುಚಿಕೊಳ್ಳುತ್ತಿರುವಾಗ ನೀವೂ ಎರಡು ಎಲೆ ಬಾಯಿಗೆ ಹಾಕಿಕೊಳ್ಳಿ.