ಅಮೆರಿಕದ ಬಾಸ್ ಲ್ಯೂರ್‌ಗಳು ಬೆಂಗಳೂರಿನ ಕೆರೆಗಳಲ್ಲಿ ಕೆಲಸಕ್ಕೆ ಬರುತ್ತವಾ?

ಟೆಕ್ಸಾಸ್‌ನಿಂದ ಬಂದಿದ್ದ ನಿಮ್ಮ ಭಾವ ಒಂದು ಡಬ್ಬಿ ತುಂಬ ಬಾಸ್ ಲ್ಯೂರ್ (ಬಾಸ್ ಎಂಬ ಮೀನು ಹಿಡಿಯುವ ನಕಲಿ ಎರೆ) ಕೊಟ್ಟು ಹೋಗಿದ್ದಾರೆ, ರಾಡ್ (ಗಾಳದ ಕೋಲು) ಮತ್ತು ರೀಲ್ (ದಾರ ಸುತ್ತುವ ಗಾಲಿ) ಇಲ್ಲೇ ಕೊಳ್ಳಬೇಕು, ಬೆಂಗಳೂರಿನ ಸುತ್ತಮುತ್ತ ಯಾವುದು ಉಪಯೋಗ ಅಂತ ಕೇಳಿದ್ದೀರಿ.

ಮೊದಲೇ ಹೇಳಿಬಿಡುತ್ತೇನೆ, ಬಾಸ್ ಆಸೆ ಬಿಡಿ. ಅದು ಉತ್ತರ ಅಮೆರಿಕದ ಮೀನು. ನಮ್ಮ ಕೆರೆಗಳಲ್ಲಿ ಇರುವುದು ಮರಲ್. ಮೀನು ಮಾರ್ಕೆಟ್‌ನಲ್ಲಿ ಕೊರಮೀನು ಅಂತ ಮಾರುತ್ತಾರಲ್ಲ, ಅದೇ. ಜಾತಿ ಬೇರೆಯಾದರೂ ಎರಡರ ಬೇಟೆಯ ರೀತಿ ಹೆಚ್ಚುಕಮ್ಮಿ ಒಂದೇ. ಗಿಡದ ಮರೆಯಲ್ಲಿ ಸುಮ್ನೆ ನಿಂತಿರುತ್ತವೆ, ಹತ್ತಿರ ಬಂದದ್ದನ್ನು ಗಬಕ್ಕನೆ ಹಿಡಿಯುತ್ತವೆ. ಹಾಗಾಗಿ ನಿಮ್ಮ ಡಬ್ಬಿ ಪೂರ್ತಿ ದಂಡವಲ್ಲ.

ಕ್ರ್ಯಾಂಕ್‌ಬೇಟ್‌ಗಳನ್ನು, ಅಂದರೆ ಸಣ್ಣ ಮೀನಿನ ಆಕಾರದ ಗಟ್ಟಿ ಲ್ಯೂರ್‌ಗಳನ್ನು, ಪಕ್ಕಕ್ಕಿಡಿ. ಅವುಗಳ ಹೊಟ್ಟೆಯಡಿ ಮೂರು ಮೊನೆಯ ಗಾಳ ನೇತಾಡುತ್ತಿರುತ್ತದೆ. ಅಂತರಗಂಗೆ, ಜೊಂಡು ತುಂಬಿದ ಕೆರೆಗೆ ಎಸೆದರೆ ಮುಗಿಯಿತು. ಹೊಸಕೋಟೆ ಕಡೆಯ ಒಂದು ಕೆರೆಯಲ್ಲಿ ನಾನು ಮೊದಲ ತಿಂಗಳಲ್ಲೇ ನಾಲ್ಕು ಕಳೆದುಕೊಂಡೆ. ಹಿಡಿದದ್ದು ಏನು ಗೊತ್ತಾ? ಗಣೇಶನ ಜೊತೆ ಮುಳುಗಿಸಿದ್ದ ಹಾರ, ಒಂದು ಪ್ಲಾಸ್ಟಿಕ್ ಚೀಲ.

ನಿಮಗೆ ಬೇಕಾದದ್ದು ಫ್ರಾಗ್. ಒಳಗೆ ಟೊಳ್ಳಾದ ರಬ್ಬರ್ ಕಪ್ಪೆ. ಎರಡು ಗಾಳಗಳು ಮೊನೆ ಮೇಲಾಗಿ ಬೆನ್ನಿಗೆ ಅಂಟಿಕೊಂಡಿರುತ್ತವೆ, ಅದಕ್ಕೇ ಗಿಡಕ್ಕೆ ಸಿಕ್ಕುವುದು ಕಡಿಮೆ. ಮೀನು ಕಚ್ಚಿದಾಗ ರಬ್ಬರ್ ಅದುಮಿ ಗಾಳ ಹೊರಗೆ ಬರುತ್ತದೆ. ಗಿಡದ ಆಚೆಗೆ ಎಸೆಯಿರಿ, ಸಣ್ಣ ಸಣ್ಣ ಜಿಗಿತದಲ್ಲಿ ಎಳೆದುಕೊಳ್ಳಿ, ಗಿಡದ ನಡುವೆ ನೀರು ಕಾಣುವ ಕಿಂಡಿ ಬಂದಾಗ ನಿಲ್ಲಿಸಿ. ಹೆಚ್ಚಿನ ಸಲ ಅಲ್ಲೇ ಹೊಡೆಯುವುದು. ನೀರು ಸಿಡಿದ ತಕ್ಷಣ ರಾಡ್ ಎತ್ತಿಬಿಡಬೇಡಿ, ಮೀನಿಲ್ಲದೆ ಬರೀ ಕಪ್ಪೆ ವಾಪಸ್ ಬರುತ್ತದೆ. ಕೈಗೆ ಭಾರ ಸಿಗುವವರೆಗೂ ತಡೆದುಕೊಳ್ಳಿ. ಇದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು.

ಇನ್ನೊಂದು ಉಪಾಯ. ಮರಲ್ ಗಾಳಿ ಕುಡಿಯಲು ಆಗಾಗ ಮೇಲೆ ಬರಲೇಬೇಕು. ಬೆಳಿಗ್ಗೆ ಏರಿಯ ಮೇಲೆ ಹತ್ತು ನಿಮಿಷ ಸುಮ್ಮನೆ ಕೂತರೆ ಎಲ್ಲಿ ಬುಳಕ್ ಅನ್ನುತ್ತದೆ ಅಂತ ಗೊತ್ತಾಗುತ್ತದೆ. ಅದರ ತಲೆ ಮೇಲೆ ಹಾಕಬೇಡಿ, ಸ್ವಲ್ಪ ಆಚೆ ಹಾಕಿ.

ಡಬ್ಬಿಯಲ್ಲಿ ಮೆತ್ತನೆಯ ಪ್ಲಾಸ್ಟಿಕ್ ಹುಳುಗಳಿದ್ದರೆ ಅವನ್ನೂ ಇಟ್ಟುಕೊಳ್ಳಿ. ಗಾಳದ ಮೊನೆಯನ್ನು ಹುಳುವಿನ ಮೈಯೊಳಗೇ ಬಚ್ಚಿಟ್ಟು ಕಟ್ಟುವ ಟೆಕ್ಸಾಸ್ ರಿಗ್ ಅನ್ನು ಭಾವನ ಹತ್ತಿರವೇ ಕಲಿತುಕೊಳ್ಳಿ. ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಮೀನು ಕಪ್ಪೆಯನ್ನು ನೋಡುವುದು ಕೆಳಗಿನಿಂದ, ಬೆನ್ನಿನ ಚಿತ್ತಾರ ಕಾಣುವುದು ನಿಮಗೆ ಮಾತ್ರ. ಕಪ್ಪು ಒಂದು, ಬಿಳಿ ಒಂದು ಸಾಕು.

ದುಡ್ಡು ಹಾಕಬೇಕಾದ ಜಾಗ ಲೈನ್, ಅಂದರೆ ಗಾಳದ ದಾರ. ನೈಲಾನ್ ಎಳೆದರೆ ಹಿಗ್ಗುತ್ತದೆ, ಮರಲ್‌ನ ಗಟ್ಟಿ ಬಾಯಿಗೆ ಗಾಳ ನಾಟುವುದೇ ಇಲ್ಲ. ಹೆಣೆದ ಬ್ರೇಡ್ ಲೈನ್ ತೊಗೊಳ್ಳಿ, 30ರಿಂದ 40 ಪೌಂಡು ಭಾರ ತಡೆಯುವಂಥದು. ರಾಡ್ ಆರೂವರೆಯಿಂದ ಏಳು ಅಡಿ, ಮೀಡಿಯಂ ಹೆವಿ, ಅಂದರೆ ಸ್ವಲ್ಪ ಗಟ್ಟಿಯದು. ರೀಲ್ 3000 ಸೈಜಿನ ಸ್ಪಿನ್ನಿಂಗ್ ರೀಲ್, ರಾಡ್‌ನ ಕೆಳಗೆ ನೇತಾಡುವಂಥದು. ವಿಡಿಯೋಗಳಲ್ಲಿ ಬಾಸ್ ಹಿಡಿಯುವವರ ಕೈಯಲ್ಲಿ ಬೇಟ್‌ಕಾಸ್ಟರ್ (ರಾಡ್‌ನ ಮೇಲೆ ಕೂರುವ ರೀಲ್) ಕಾಣುತ್ತದೆ ಅಂತ ಅದನ್ನೇ ಕೊಳ್ಳಬೇಡಿ, ಮೊದಲ ದಿನವೆಲ್ಲ ಸಿಕ್ಕು ಬಿಡಿಸುತ್ತಾ ಕೂರುತ್ತೀರಿ.

ಅದೇ ವಿಡಿಯೋಗಳಲ್ಲಿ ಬಾಸ್‌ನ ಕೆಳದವಡೆಯನ್ನು ಹೆಬ್ಬೆರಳಲ್ಲಿ ಹಿಡಿದು ಎತ್ತುತ್ತಾರೆ, ನೋಡಿರುತ್ತೀರಿ. ಅದರ ಹಲ್ಲು ಉಪ್ಪುಕಾಗದದ ಹಾಗೆ ಅಷ್ಟೇ, ನಡೆಯುತ್ತದೆ. ಮರಲ್‌ಗೆ ನಿಜವಾದ ಹಲ್ಲಿದೆ. ನಾನು ಸ್ಟೈಲ್ ಮಾಡಲು ಹೋಗಿ ಹೆಬ್ಬೆರಳಿಗೆ ಗಾಯ ಮಾಡಿಕೊಂಡೆ, ಗುರುತು ಇನ್ನೂ ಇದೆ. ಉದ್ದ ಮೂತಿಯ ಇಕ್ಕಳ ಒಂದು ಜೇಬಿನಲ್ಲಿರಲಿ.

ಹೋಗುವ ಮುಂಚೆ ವಿಚಾರಿಸಿ. ಎಷ್ಟೋ ಕೆರೆಗಳ ಮೀನು ಹಿಡಿಯುವ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ. ಗುತ್ತಿಗೆದಾರರನ್ನು ಕೇಳಿದರೆ ಕೆಲವರು ಬಿಡುತ್ತಾರೆ, ಕೇಳದೆ ಹೋದರೆ ಜಗಳ ಗ್ಯಾರಂಟಿ.

ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪಗೆ ಮರಿಗಳ ಗುಂಪು ಕಂಡರೆ ಅಲ್ಲಿಗೆ ಎಸೆಯಬೇಡಿ, ಪ್ಲೀಸ್. ಕೆಳಗೆ ಅಪ್ಪ ಅಮ್ಮ ಕಾವಲಿರುತ್ತವೆ, ಹತ್ತಿರ ಬಂದ ಏನನ್ನಾದರೂ ಹೊಡೆಯುತ್ತವೆ. ಹಿಡಿಯುವುದು ಸುಲಭ, ಆದರೆ ಅವು ಹೋದರೆ ಆ ಮರಿಗಳನ್ನು ಬೇರೆ ಮೀನುಗಳು ತಿಂದು ಮುಗಿಸುತ್ತವೆ. ನನ್ನ ಜೊತೆ ಬರುವವರು ಹೀಗೆ ಮಾಡಿದರೆ ಮುಂದಿನ ವಾರ ಅವರನ್ನು ಕರೆಯುವುದಿಲ್ಲ.

ಪಕ್ಕಕ್ಕಿಟ್ಟ ಕ್ರ್ಯಾಂಕ್‌ಬೇಟ್‌ಗಳನ್ನು ಭಾವ ಮುಂದಿನ ಸಲ ಬಂದಾಗ ವಾಪಸ್ ಕೊಡಿ, ಬದಲಿಗೆ ಎರಡು ಫ್ರಾಗ್ ತರಲು ಹೇಳಿ.